ಬದರಿನಾಥನ ಭಾನುವಾರದ ಸಾವು

ಸಾಯುವುದರಲ್ಲಿ ಬದರಿನಾಥನನ್ನು ಮೀರಿಸುವವರು ಜಯನಗರದಿಂದ ಬೇಗೂರಿನವರೆಗೆ ಯಾರೂ ಇರಲಿಲ್ಲ. ಅಂಥವನಿಗೆ ಈ ಭಾನುವಾರ ಬೆಳಿಗ್ಗೆ, ಕನ್ನಡಿಯ ಮುಂದೆ ಉಸಿರು ಒಳಗೆಳೆದುಕೊಂಡು ಹಸಿರು ಷರ್ಟಿನ ಹೊಟ್ಟೆಯ ಗುಂಡಿ ಹಾಕುತ್ತಿದ್ದಾಗ, ಸಾಯಲು ಮೊದಲ ಸಲ ಭಯವಾಯಿತು. ಗುಂಡಿ ಕೂತಿತು, ಉಸಿರು ಬಿಟ್ಟ, ಗುಂಡಿ ಬಿಚ್ಚಿಕೊಂಡಿತು. ಈ ಷರ್ಟು ಹೊಲಿಸಿದವನು ಅವನೇ. ಫೋರ್ತ್ ಬ್ಲಾಕಿನಲ್ಲಿ ಅವನದು ಶಾಲಾ ಯೂನಿಫಾರಮ್ಮಿನ ಅಂಗಡಿ. ಬಂದ ತಾಯಂದಿರಿಗೆಲ್ಲ 'ಬೆಳೆಯೋ ವಯಸ್ಸು ಮೇಡಂ, ಒಂದು ಸೈಜು ದೊಡ್ಡದೇ ತಗೊಳ್ಳಿ' ಎಂದು ಹೇಳಿ ಹೇಳಿ ಬಾಯಿ ಪಳಗಿದವನು ತನ್ನದಕ್ಕೆ ಮಾತ್ರ ಒಂದು ಸೈಜು ಚಿಕ್ಕದನ್ನು ಹೊಲಿಸಿಕೊಂಡಿದ್ದ, ಸಿಪಾಯಿಯ ಪಾತ್ರ ಅಂದಮೇಲೆ ತೆಳ್ಳಗಿರಬೇಕಲ್ಲ, ಇವತ್ತಲ್ಲ ನಾಳೆ ತೆಳ್ಳಗಾಗುತ್ತೇನೆ ಎನ್ನುವ ಭರವಸೆಯಲ್ಲಿ. ಆ ನಾಳೆ ಬರಲಿಲ್ಲ, ಬದಲಿಗೆ ಐವತ್ತು ದಾಟಿತು. ಇಪ್ಪತ್ತಮೂರರ ಹುಡುಗನಾಗಿ ಇವತ್ತು ಸಾಯಬೇಕು, ಅದೂ ಆ ಹುಡುಗನ ಹೆಂಡತಿಯ ಕಣ್ಣೆದುರಿಗೆ. ಕನ್ನಡಿಯೊಳಗಿನ ಹೊಟ್ಟೆ ಅವನನ್ನೇ ನೋಡುತ್ತಿತ್ತು. ಅಡುಗೆಮನೆಯಿಂದ ಅವನ ಹೆಂಡತಿ ವಿಜಯಲಕ್ಷ್ಮಿ ಕೂಗಿದಳು: "ಏನ್ರೀ, ಸತ್ತಾದ್ಮೇಲೆ ಬರ್ತಾ ಕೊತ್ತಂಬರಿ ತನ್ನಿ. ಹೋದ್ಸಲದ ಥರ ಮೆಂತ್ಯ ತಂದ್ಬಿಟ್ಟು ಎರಡೂ ಹಸಿರೇ ಅನ್ಬೇಡಿ."

ಅವಳು ಪ್ರತಿ ಸಲ ಕಾರ್ಯಕ್ರಮ ಮುಗಿಯುವ ಹೊತ್ತಿಗೆ ಫೋನು ಮಾಡಿ 'ಏನ್ರೀ, ಸತ್ತಾಯ್ತಾ?' ಎಂದು ಕೇಳುವವಳೇ. ಒಮ್ಮೆ ಆಟೋದಲ್ಲಿ ಬರುವಾಗ ಫೋನು ಸ್ಪೀಕರಿನಲ್ಲಿತ್ತು. ಆ ಪ್ರಶ್ನೆಗೆ ಇವನು 'ಹ್ಞೂಂ, ಸತ್ತಾಯ್ತು' ಎಂದದ್ದನ್ನು ಕೇಳಿ ಆಟೋದವನು ಬನಶಂಕರಿ ಸಿಗ್ನಲ್ಲಿನಲ್ಲೇ ಗಾಡಿ ಬಿಟ್ಟು ಇಳಿದು ಓಡಿದನೆಂದು ಬದರಿನಾಥ ಅಂಗಡಿಯಲ್ಲಿ ಹೇಳುತ್ತಿದ್ದ. ಗಾಡಿಯನ್ನು ತಾನೇ ಮನೆಯವರೆಗೆ ಓಡಿಸಿಕೊಂಡು ಬಂದು, ಮೀಟರು ನೋಡಿ, ತನಗೆ ತಾನೇ ಬಾಡಿಗೆ ಕೊಟ್ಟುಕೊಂಡೆ ಎಂದೂ ಸೇರಿಸುತ್ತಿದ್ದ. ಇಂಥವು ಅವನ ಹತ್ತಿರ ಬೇಕಾದಷ್ಟಿದ್ದವು. ಬೇಗೂರಿನಲ್ಲಿ ಸತ್ತು ಬಿದ್ದಿದ್ದಾಗ ಬೀದಿನಾಯಿಯೊಂದು ಬಂದು ಎಡಗಿವಿ ಪೂರ್ತಿ ನೆಕ್ಕಿ, ಬಲಗಿವಿಗಾಗಿ ಆ ಕಡೆ ಹೋಗಿ ಕಾದು ಕೂತದ್ದು. ಸುದ್ದಗುಂಟೆಪಾಳ್ಯದಲ್ಲಿ ಜನರ ನಡುವಿನಿಂದ ಡಾಕ್ಟರೊಬ್ಬರು ಓಡಿಬಂದು ನಾಡಿ ಹಿಡಿದು 'ಹೋಗ್ಬಿಟ್ರು' ಎಂದು ಕನ್ನಡಕ ತೆಗೆದದ್ದು. ಹೇಳುವಾಗ ಅವನ ಮುಖವೆಲ್ಲ ನಗೆಯಾಗುತ್ತಿತ್ತು. ಹೇಳಿ ಮುಗಿಸಿದ ಮೇಲೆ, ಗಿರಾಕಿ ಬ್ಯಾಗು ಹಿಡಿದು ಹೊರಟ ಮೇಲೆ, ಅಂಗಡಿಯಲ್ಲಿ ಸಾಲಾಗಿ ನೇತುಬಿದ್ದ ಪುಟ್ಟ ಪುಟ್ಟ ಷರ್ಟುಗಳ ನಡುವೆ ಒಬ್ಬನೇ ಉಳಿದಾಗ ಮುಖ ಏನಾಗುತ್ತಿತ್ತೋ ಅವನಿಗೇ ಗೊತ್ತಿಲ್ಲ.

ಸ್ಕೂಟರು ಹೊರಟಿತು. ಮುಂದೆ ಕಾಲಿನ ಹತ್ತಿರ ನೀರಿನ ಕ್ಯಾನು ಕೂತಿತ್ತು, ಹಳೆಯ ಕಾಲದ ತಗಡಿನದು, ಹಸಿರು ಬಣ್ಣ ಬಳಿದದ್ದು. ಒಳಗೆ ನಿಜವಾದ ನೀರು. ಖಾಲಿ ತಂದರೆ ಸಾಕು ಎಂದಿದ್ದ ಶಿವಕಿರಣ್. ತಂಡ ಕಟ್ಟಿದವನು ಶಿವಕಿರಣ್. ಬ್ಯಾಂಕಿನವನು, ವಾರವೆಲ್ಲ ಟೈ ಕಟ್ಟಿ ಭಾನುವಾರ ಬೂಟು ಕಟ್ಟುವವನು. ಹತ್ತು ಹನ್ನೆರಡು ಜನ ಸೇರಿ ಹಳೆಯ ಯುದ್ಧಗಳ ಸಮವಸ್ತ್ರ ತೊಟ್ಟು, ಬಡಾವಣೆಯ ಪಾರ್ಕುಗಳಲ್ಲಿ ಮರಳುಮೂಟೆ ಜೋಡಿಸಿ, ಮರದ ಬಂದೂಕು ಹಿಡಿದು, ಬಿಜಲಿ ಪಟಾಕಿ ಹಚ್ಚಿ ಚಿಕ್ಕದೊಂದು ಕಾಳಗ ಆಡುತ್ತಿದ್ದರು. ಮೊದಲು ಆ ಬಡಾವಣೆಯಲ್ಲಿರುವ ನಿವೃತ್ತ ಸೈನಿಕರನ್ನು ಕರೆದು ಶಾಲು ಹೊದಿಸುವುದು, ಆಮೇಲೆ ಕಾಳಗ, ಕೊನೆಗೆ ಎಲ್ಲರೂ ಸಾಲಾಗಿ ನಿಂತು ಆ ಹಿರಿಯರಿಗೆ ಸೆಲ್ಯೂಟು. ಬದರಿನಾಥನಿಗೆ ಹೆಜ್ಜೆ ಹೊಂದುತ್ತಿರಲಿಲ್ಲ. ಎಲ್ಲರ ಎಡಗಾಲು ಮುಂದಿದ್ದಾಗ ಅವನ ಬಲಗಾಲು ಹೊರಟಿರುತ್ತಿತ್ತು. ಆದ್ದರಿಂದ ಮೊದಲೇ ಸಾಯುವ ಪಾತ್ರ ಅವನ ಪಾಲಿಗೆ ಬಂತು. ಬಂದದ್ದನ್ನು ಅವನು ಬಿಡಲಿಲ್ಲ. ಅವನು ಧೊಪ್ಪನೆ ಬಿದ್ದ ಸದ್ದೇ ಗುರುತು. ಮರದ ಹಿಂದೆ ಸ್ಪೀಕರ್ ಇಟ್ಟುಕೊಂಡು ಕೂತ ಶಿವಕಿರಣ್ ಆ ಸದ್ದು ಕೇಳಿದ ಕೂಡಲೇ ಬ್ಯೂಗಲ್ ಕಹಳೆ ಹಾಕಬೇಕು, ಬ್ಯೂಗಲ್ ಕೇಳಿದ ಕೂಡಲೇ ಗುಂಡಿನ ಸದ್ದು ನಿಲ್ಲಬೇಕು, ಬ್ಯೂಗಲ್ ಮುಗಿಯುವವರೆಗೆ ಸತ್ತವನು ಏನೇ ಆದರೂ ಅಲ್ಲಾಡಬಾರದು, ಇರುವೆ ಬಂದರೂ.

ನವೆಂಬರಿನಲ್ಲಿ ಹೊಸಕೆರೆಹಳ್ಳಿಯಲ್ಲಿ ಇರುವೆ ಬರಲಿಲ್ಲ, ಜನ ಬಂದಿದ್ದರು. ಅಷ್ಟು ಜನ ಅವನ ಸಾವನ್ನು ಯಾವತ್ತೂ ನೋಡಿರಲಿಲ್ಲ. ಮೊದಲ ಗುಂಡಿಗೆ ಎದೆ ಹಿಡಿದುಕೊಂಡ, ಯಾರೋ ಶಿಳ್ಳೆ ಹಾಕಿದರು. ಆ ಶಿಳ್ಳೆ ಕಿವಿಯಿಂದ ಇಳಿದು ಕಾಲಿಗೆ ಹೋಯಿತು. ಒಂದು ಸುತ್ತು ತಿರುಗಿ ಎರಡನೆಯ ಗುಂಡು ತಿಂದ, ಮಂಡಿಯೂರಿ ಇನ್ನೊಂದು ತಿಂದ, ಎದ್ದು ಮತ್ತೊಂದು ತಿಂದ, ಮಣ್ಣು ಹಿಡಿದು ಹಣೆಗೆ ಹಚ್ಚಿಕೊಂಡ, ನೀರು ನೀರು ಎಂದ. ಫೋನುಗಳೆಲ್ಲ ಅವನ ಕಡೆ ತಿರುಗಿದ್ದವು. ಬೀಳುತ್ತಾ ಬೀಳುತ್ತಾ ಕಣ್ಣ ಕೊನೆಯಲ್ಲಿ ಕಂಡದ್ದು ಮುಂದಿನ ಸಾಲಿನ ಕುರ್ಚಿಯಿಂದ ಒಬ್ಬ ಹಿರಿಯರು ಏಳುತ್ತಿರುವುದು. ಎದ್ದರು, ಹೊದಿಸಿದ ಶಾಲನ್ನು ನೀಟಾಗಿ ಮಡಿಸಿ ಕುರ್ಚಿಯ ಮೇಲಿಟ್ಟರು, ಕೆರೆಯ ಕಡೆಯ ಗೇಟಿನಿಂದ ಹೋದರು. ಇವನು ಸತ್ತಿದ್ದ, ಎದ್ದು ಹಿಂದೆ ಓಡುವ ಹಾಗಿರಲಿಲ್ಲ. ಕೆನ್ನೆ ನೆಲಕ್ಕೆ ಒತ್ತಿತ್ತು. ಚಪ್ಪಾಳೆ ಬೀಳುತ್ತಲೇ ಇತ್ತು. ಆ ಚಪ್ಪಾಳೆ ಇಷ್ಟವಾಯಿತಲ್ಲ, ಆ ಬೆನ್ನು ಗೇಟು ದಾಟಿದ ಮೇಲೂ ಇಷ್ಟವಾಯಿತಲ್ಲ, ಅದು ಅವನಿಗೆ ರಾತ್ರಿ ಊಟದ ತಟ್ಟೆಯ ಮುಂದೆ ನೆನಪಾಗಿ, ಅರ್ಧ ಊಟಕ್ಕೇ ಕೈ ತೊಳೆದಿದ್ದ. ಈ ಕತೆಯೊಂದನ್ನು ಅವನು ಅಂಗಡಿಯಲ್ಲಿ ಯಾರಿಗೂ ಹೇಳಿರಲಿಲ್ಲ.

ಆ ಬೆನ್ನಿನ ಮುಖ ಕಳೆದ ವಾರ ಅಂಗಡಿಯ ಕಟ್ಟೆ ಹತ್ತಿತು. ಎತ್ತರದ ಆಳು, ಮೀಸೆ ಬೆಳ್ಳಗೆ, ಕೈಯಲ್ಲಿ ಛತ್ರಿ. ಹವಾಲ್ದಾರ್ ಆಗಿ ನಿವೃತ್ತರಾದ ಶಾಂತವೀರಪ್ಪ. ಮಗುವಿಗೆ ಯೂನಿಫಾರಂ ಕೇಳಲು ಬಂದಿರಬಹುದೆಂದು ಬದರಿನಾಥ ತನಗೆ ತಾನೇ ಹೇಳಿಕೊಂಡ.

"ನೀನೇನಾ ಸಾಯೋನು?"

"ಹೌ... ಹೌದು ಸಾರ್."

"ಸರಿಯಾಗಿ ಸಾಯಕ್ ಬರುತ್ತಾ?"

ಬದರಿನಾಥ ಸ್ಟೂಲು ಎಳೆದು ಕೊಟ್ಟ. ಅವರು ಕೂತರು, ನೇತುಬಿದ್ದ ಷರ್ಟುಗಳನ್ನು ಒಮ್ಮೆ ತಪಾಸಣೆ ಮಾಡುವಂತೆ ನೋಡಿದರು.

"ಸಾರ್, ಆವತ್ತು ಹೊಸಕೆರೆಹಳ್ಳೀಲಿ..."

"ಅದು ಬಿಡು. ಅಷ್ಟೊಂದು ಗುಂಡು ನಮ್ಮ ಪ್ಲಟೂನ್ ಪೂರ್ತಿ ತಿಂದಿರ್ಲಿಲ್ಲಪ್ಪ, ನೀನೊಬ್ನೇ ತಿಂದೆ." ಅವರ ಮೀಸೆ ಒಂದಿಷ್ಟು ಅಲ್ಲಾಡಿತೋ ಇಲ್ಲವೋ. "ಬರೋ ಭಾನುವಾರ ಜೆಪಿ ನಗರದ ಪಾರ್ಕಲ್ಲಿ ಅಲ್ವಾ ನಿಮ್ದು? ನಾನೊಬ್ರನ್ನ ಕರ್ಕೊಂಡ್ ಬರ್ತಿದೀನಿ. ಕಮಲಾದೇವಿ ಅಂತ. ಟೆಲಿಫೋನ್ ಎಕ್ಸ್‌ಚೇಂಜಲ್ಲಿ ಕೆಲ್ಸ ಮಾಡಿ ರಿಟೈರ್ ಆದೋರು. ಅವ್ರ ಯಜಮಾನ್ರು ರೇವಣಸಿದ್ಧಪ್ಪ, ನಾನು, ಮಿಲಿಟ್ರೀಲಿ ಒಂದೇ ಸೆಕ್ಷನ್ನು. ಎಪ್ಪತ್ತೊಂದರ ಯುದ್ಧ. ಪಂಜಾಬ್ ಕಡೆ, ಒಂದು ಕಾಲುವೆ ಏರಿ ಮೇಲೆ. ಅವ್ನಿಗೆ ಇಪ್ಪತ್ಮೂರು, ಮದ್ವೆಯಾಗಿ ಇನ್ನೂ ವರ್ಷ ತುಂಬಿರ್ಲಿಲ್ಲ."

ಆಮೇಲೆ ಅವರು ಹೇಳಿದ್ದು ಇಷ್ಟು. ಮುಂದಿದ್ದವರಿಗೆ ನೀರು ತೆಗೆದುಕೊಂಡು ಹೋಗುತ್ತಿದ್ದ ರೇವಣಸಿದ್ಧಪ್ಪ. ಎಲ್ಲೋ ಬಿದ್ದ ಶೆಲ್ಲಿನ ಚೂರೊಂದು ಬಂದು ತಾಗಿತು. ಕೂಗಲಿಲ್ಲ. ಕ್ಯಾನು ಚೆಲ್ಲದ ಹಾಗೆ ನೆಲಕ್ಕಿಟ್ಟ. ಏರಿಗೆ ಬೆನ್ನು ಕೊಟ್ಟು ಕೂತ. ಅಷ್ಟೇ.

"ಬೀಳ್ಲಿಲ್ವಾ ಸಾರ್?"

"ಕೂತ ಅಂದ್ನಲ್ಲ. ದಣಿದೋನು ಕೂತ್ಕೊಳಲ್ವಾ, ಹಂಗೆ. ನಾನು 'ಏನ್ಲಾ, ಈಗ್ಲೇ ಸುಸ್ತಾಯ್ತಾ' ಅಂತ ರೇಗ್ಸಿದೆ. ರೇಗ್ಸಿದ್ನಪ್ಪ ನಾನು." ಛತ್ರಿಯ ಹಿಡಿಯನ್ನು ಬಿಗಿಯಾಗಿ ಹಿಡಿದುಕೊಂಡರು. "ನಮ್ಮಲ್ಲಿ ಹೋದವ್ರನ್ನ ಮಲಗ್ಸಲ್ಲ. ವಿಭೂತಿ ಹಚ್ಚಿ, ಕೂರ್ಸಿ ಮಣ್ಣು ಮಾಡೋದು. ಆಗೆಲ್ಲ ಈಗಿನ ಹಂಗೆ ಊರಿಗೆ ತರ್ತಿರ್ಲಿಲ್ಲ, ಅಲ್ಲೇ ಎಲ್ಲರ ಜೊತೆ ಸುಟ್ರು. ಮನೆಗೆ ಬಂದಿದ್ದು ಒಂದು ಟ್ರಂಕು. ಆಯಮ್ಮ ಇಷ್ಟು ವರ್ಷದಿಂದ ನನ್ನ ಕೇಳೋದು ಒಂದೇ: ಶಾಂತಣ್ಣ, ಅವ್ರು ಕೂತೇ ಹೋದ್ರಾ? ಹೌದಮ್ಮ ಅಂತೀನಿ. ಹೇಳಿದ್ರೆ ಸಾಕಾಗ್ತಿಲ್ಲ, ಒಂದ್ಸಲ ನೋಡ್ಬೇಕು ಅಂತಾರೆ. ನೋಡಿದ್ದು ನಾನೊಬ್ನೇ, ನಂಗೆ ಮಂಡಿ ಮಡಚಲ್ಲ. ಅದಕ್ಕೆ ನಿನ್ನತ್ರ ಬಂದೆ."

ಸ್ಕೂಟರು ಸಿಗ್ನಲ್ಲಿನಲ್ಲಿ ನಿಂತಾಗ ಕ್ಯಾನಿನೊಳಗಿನ ನೀರು ಗುಳುಂ ಎಂದಿತು. ಪಕ್ಕದ ಬೈಕಿನ ಹಿಂದೆ ಕೂತ ಹುಡುಗಿ ಅವನ ಹಸಿರು ಷರ್ಟು, ಬೂಟು, ಕ್ಯಾನುಗಳನ್ನೆಲ್ಲ ನೋಡಿ ಕೈಯೆತ್ತಿ ಸೆಲ್ಯೂಟು ಹೊಡೆದಳು. ಬೇರೆ ದಿನವಾಗಿದ್ದರೆ ಎದೆ ಉಬ್ಬಿಸಿ ತಿರುಗಿ ಹೊಡೆಯುತ್ತಿದ್ದ, ಗುಂಡಿ ಹಾರಿಹೋಗಿ ಎದುರಿನ ಬಸ್ಸಿನ ಗಾಜು ಒಡೆಯಿತೆಂದು ಸಂಜೆಗೆ ಕತೆಯಾಗುತ್ತಿತ್ತು. ಇವತ್ತು ಮುಖ ತಿರುಗಿಸಿಕೊಂಡ. ನಾಲ್ಕು ರಾತ್ರಿ ಹೆಂಡತಿ ಮಲಗಿದ ಮೇಲೆ ನಡುಮನೆಯ ಗೋಡೆಗೆ ಬೆನ್ನು ಕೊಟ್ಟು ಕೂರುವುದನ್ನು ಕಲಿತಿದ್ದ. ಕೂರುವುದನ್ನು ಯಾರಾದರೂ ಕಲಿಯುತ್ತಾರೆಯೇ? ಆದರೆ ಕೂತ ಪ್ರತಿಸಲ ಅದು ನಾಟಕವಾಗುತ್ತಿತ್ತು; ಕೈ ತಾನಾಗಿ ಎದೆಗೆ ಹೋಗುತ್ತಿತ್ತು, ಕತ್ತು ತಾನಾಗಿ ವಾಲುತ್ತಿತ್ತು. ಅವನ ಮೈಗೆ ಶಿಳ್ಳೆಯ ರುಚಿ ಹತ್ತಿತ್ತು. ತಾನು ಹೇಗೆ ಹೇಗೋ ಕೂತು ಆ ಅಮ್ಮನಿಗೆ ಇಷ್ಟು ವರ್ಷ ಕಣ್ಣೊಳಗಿದ್ದದ್ದೂ ಕೆಟ್ಟುಹೋದರೆ? ಇನ್ನು ಮುಂದೆ ಗಂಡನನ್ನು ನೆನೆದಾಗಲೆಲ್ಲ ಫೋರ್ತ್ ಬ್ಲಾಕಿನ ಯೂನಿಫಾರಂ ಅಂಗಡಿಯವನ ಹೊಟ್ಟೆ ಕಂಡರೆ?

ಪಾರ್ಕಿನಲ್ಲಿ ಶಾಮಿಯಾನ ಹಾಕಿ, ಕುರ್ಚಿ ಸಾಲಾಗಿ ಇಟ್ಟು, ಬಡಾವಣೆಯ ಸಂಘದವರು ಉಪ್ಪಿಟ್ಟು ಕೇಸರಿಭಾತು ಹಂಚುತ್ತಿದ್ದರು. ಶಿವಕಿರಣ್ ಬಂದವನೇ ಅವನ ಮೊಣಕೈ ಹಿಡಿದು ಮರಳುಮೂಟೆಗಳ ಹಿಂದಕ್ಕೆ ಎಳೆದುಕೊಂಡು ಹೋದ.

"ಬದರಿ ಸಾರ್, ನಾನು ಯೋಚ್ನೆ ಮಾಡ್ದೆ. ಬೇಡ. ಸಾವಿನ ಸೀನೇ ಬೇಡ ಇವತ್ತು. ನೀವು ಫ್ಲ್ಯಾಗ್ ಹಿಡ್ಕೊಂಡು ನಿಂತ್ಬಿಡಿ."

"ಆಯಮ್ಮ ಬರ್ತಿರೋದೇ ಅದಕ್ಕಲ್ವೇನೋ."

"ಅದೇ ಭಯ ನಂಗೆ. ಅವ್ರಿಗೆ ಏನಾದ್ರೂ ಹೆಚ್ಚುಕಮ್ಮಿ ಆದ್ರೆ? ಇನ್ನೊಂದು, ನೀವು ಸುಮ್ನೆ ಕೂತ್ರೆ ಸತ್ರು ಅಂತ ಯಾರಿಗ್ ಗೊತ್ತಾಗುತ್ತೆ? ನಿಮ್ಮ... ಅಂದ್ರೆ, ಈ ಪರ್ಸನಾಲಿಟಿಗೆ, ಸುಸ್ತಾಗಿ ಕೂತ್ರು ಅನ್ಕೋತಾರೆ. ನಗ್ತಾರೆ ಸಾರ್."

ಬದರಿನಾಥನಿಗೆ ಒಳಗೆಲ್ಲೋ ಸುಖವೇ ಆಯಿತು. ಹೂಂ ಅಂದುಬಿಟ್ಟರೆ ಮುಗಿಯಿತು. ಧ್ವಜದ ಕೋಲು ಹಿಡಿದು ನಿಲ್ಲುವುದು, ಕೇಸರಿಭಾತು ತಿನ್ನುವುದು, ಕೊತ್ತಂಬರಿ ಕೊಳ್ಳುವುದು. ಹೂಂ ಎನ್ನಲು ಬಾಯಿ ತೆರೆದಾಗ ಗೇಟಿನಲ್ಲಿ ಛತ್ರಿ ಕಾಣಿಸಿತು. ಶಾಂತವೀರಪ್ಪನವರ ಪಕ್ಕದಲ್ಲಿ ಪುಟ್ಟ ಆಕೃತಿಯ ಒಬ್ಬರು ಹೆಂಗಸು, ಇಳಕಲ್ ಸೀರೆ, ಬೆಳ್ಳನೆಯ ಕೂದಲಿನ ಗಂಟು, ಕೈಯಲ್ಲೊಂದು ಚಿಕ್ಕ ಪರ್ಸು, ಮದುವೆಮನೆಗೆ ಬಂದವರ ಹಾಗೆ ತಯಾರಾಗಿ ಬಂದಿದ್ದರು. ನೇರ ಇವರ ಹತ್ತಿರವೇ ಬಂದರು. ಬದರಿನಾಥನನ್ನು ಬೂಟಿನಿಂದ ತಲೆಯವರೆಗೆ ನೋಡಿದರು. ಬಿಗಿದು ನಿಂತಿದ್ದ ಗುಂಡಿಯ ಹತ್ತಿರ ಆ ನೋಟ ಸ್ವಲ್ಪ ನಿಂತಂತಾಯಿತು. ಅವನು ಕ್ಯಾನನ್ನು ಹೊಟ್ಟೆಗೆ ಅಡ್ಡ ಹಿಡಿದ.

"ಇವ್ರಾ?"

"ಇವ್ರೇನಮ್ಮ."

"ನಮ್ಮೋರು ಕಡ್ಡಿ ಥರ ಇದ್ರು," ಎಂದರು ಕಮಲಾದೇವಿ. ಮತ್ತೆ, "ಬದುಕಿದ್ದಿದ್ರೆ ಇಷ್ಟೊತ್ತಿಗೆ ಹಿಂಗೇ ಆಗಿರೋರೇನೋ. ಊಟ ಅಂದ್ರೆ ಪ್ರಾಣ ಅವ್ರಿಗೆ," ಎಂದು ಹೋಗಿ ಮುಂದಿನ ಸಾಲಿನಲ್ಲಿ ಕೂತರು.

"ನಾನು ಕೂರ್ತೀನಿ ಕಣೋ," ಎಂದ ಬದರಿನಾಥ ಶಿವಕಿರಣನಿಗೆ.

ಶಾಲುಗಳಾದವು, ಭಾಷಣವಾಯಿತು. ಶಿವಕಿರಣ್ ಫೋನು ಹಿಡಿದು ಮರದ ಹಿಂದೆ ಹೋಗಿ ಕೂತ. ಜಿಮ್ಮಿನಲ್ಲಿ ಕೆಲಸ ಮಾಡುವ ಮಯೂರ್ ಮತ್ತೆ ಉಳಿದವರು ಮೈದಾನದ ಆ ತುದಿಯಲ್ಲಿ ಹೊಟ್ಟೆಯ ಮೇಲೆ ಮಲಗಿ ಬಂದೂಕು ಚಾಚಿದರು, ಪಟಾಕಿ ಸಿಡಿಯತೊಡಗಿತು. ಬದರಿನಾಥ ಕ್ಯಾನು ಹಿಡಿದು ಹೊರಟ. ಹೊಗೆ ಮೂಗಿಗೆ ಬಂತು, ದೀಪಾವಳಿಯದೇ ವಾಸನೆ, ಕಾಲುವೆಯ ಏರಿಯ ಮೇಲೆ ರೇವಣಸಿದ್ಧಪ್ಪನಿಗೂ ಊರಿನ ದೀಪಾವಳಿ ನೆನಪಾಗಿರಬಹುದೇ, ಹೊಸ ಹೆಂಡತಿಯ ಜೊತೆ ಒಂದೇ ಒಂದು ದೀಪಾವಳಿ, ಕ್ಯಾನು ಎಷ್ಟು ಭಾರ, ಖಾಲಿ ಕ್ಯಾನು ತಂದಿದ್ದರೆ ಇದು ತಿಳಿಯುತ್ತಲೇ ಇರಲಿಲ್ಲ, ಭಾರ ಹೊತ್ತವನಿಗೆ ಎದೆ ಹಿಡಿದುಕೊಳ್ಳಲು ಕೈ ಎಲ್ಲಿ ಬಿಡುವು, ಮೊದಲು ಇದನ್ನು ಇಳಿಸಬೇಕು, ನೀರು ಕಾಯುತ್ತಿರುವವರು ಅಲ್ಲಿದ್ದಾರೆ, ಚೆಲ್ಲಬಾರದು. ಇಳಿಸಿದ. ಚೆಲ್ಲಲಿಲ್ಲ. ಇಳಿಸಿದ ಮೇಲೆ ಬೆನ್ನಿಗೆ ಮರಳುಮೂಟೆ ಸಿಕ್ಕಿತು, ಕೂತ. ನಾಲ್ಕು ರಾತ್ರಿ ಬಾರದಿದ್ದದ್ದು ಸುಮ್ಮನೆ ಬಂದಿತ್ತು. ಕಣ್ಣು ಮುಚ್ಚಿದ.

ಗುಂಡಿನ ಸದ್ದು ನಿಲ್ಲಲಿಲ್ಲ.

ನಿಲ್ಲುವುದಾದರೂ ಹೇಗೆ? ಕೂರುವುದೋ ಬೇಡವೋ ಎಂದು ಅಷ್ಟೊಂದು ಮಾತಾಡಿದವರು ಬೀಳದಿದ್ದರೆ ಸದ್ದಾಗುವುದಿಲ್ಲ ಎನ್ನುವುದನ್ನು ಯೋಚಿಸಿರಲಿಲ್ಲ. ಮರದ ಹಿಂದೆ ಶಿವಕಿರಣ್ ಬ್ಯೂಗಲ್ಲಿನ ಮೇಲೆ ಬೆರಳಿಟ್ಟುಕೊಂಡು ಧೊಪ್ಪೆನ್ನುವುದನ್ನು ಕಾಯುತ್ತಿದ್ದ. ಬ್ಯೂಗಲ್ ಇಲ್ಲದೆ ಸಿಪಾಯಿಗಳು ಯುದ್ಧ ನಿಲ್ಲಿಸುವ ಹಾಗಿಲ್ಲ. ಪಟಾಕಿ ಸರ ಮುಗಿಯಿತು, ಇನ್ನೊಂದು ಹಚ್ಚಿದರು, ಅದೂ ಮುಗಿಯಿತು. ಕೊನೆಗೆ ಮಯೂರ್ ಗಟ್ಟಿ ಮನಸ್ಸು ಮಾಡಿ ಬಾಯಲ್ಲೇ 'ಠೋ... ಠೋ' ಎನ್ನತೊಡಗಿದ, ಉಳಿದವರೂ ಸೇರಿಕೊಂಡರು. ಶಾಮಿಯಾನದ ಹಿಂಭಾಗದಿಂದ ಯಾವನೋ ಕೂಗಿದ: "ಅಂಕಲ್‌ಗೆ ಸುಸ್ತಾಯ್ತು ಮಗಾ, ಯಾರಾದ್ರೂ ಗ್ಲೂಕೋಸ್ ಕೊಡ್ರೋ!"

ನಗು ಎದ್ದಿತು. ಕುರ್ಚಿಯಿಂದ ಕುರ್ಚಿಗೆ ಹಬ್ಬಿತು. ಬದರಿನಾಥನ ಕಿವಿ ಕಾದ ಹೆಂಚಾಯಿತು. ಅದೇ ಹೊತ್ತಿಗೆ ಹೊಟ್ಟೆಯ ಗುಂಡಿಯೂ ಬಿಚ್ಚಿಕೊಂಡು ಬನಿಯನ್ನಿಗೆ ತಣ್ಣಗೆ ಗಾಳಿ ತಾಗಿತು. ಮೈ ಹೇಳಿತು, ಏಳು, ಒಂದೇ ಒಂದು ಸುತ್ತು ತಿರುಗು, ಎದೆ ಹಿಡಿದು ಧೊಪ್ಪನೆ ಬೀಳು, ಈಗಲೇ ಈ ನಗುವೆಲ್ಲ ಚಪ್ಪಾಳೆಯಾಗುತ್ತದೆ. ಕಾಲಿನ ಬೆರಳುಗಳು ಆಗಲೇ ಬೂಟಿನೊಳಗೆ ಮಡಚಿಕೊಂಡಿದ್ದವು. ಏನ್ಲಾ, ಈಗ್ಲೇ ಸುಸ್ತಾಯ್ತಾ. ರೇವಣಸಿದ್ಧಪ್ಪನಿಗೂ ಹೀಗೇ ಶಾಂತವೀರಪ್ಪ ಅಂದಿದ್ದರಲ್ಲ. ಅವನಿಗೂ ಕೇಳಿಸಿರಬೇಕು. ಕೇಳಿಸಿಯೂ ಅವನು ಕೂತೇ ಇದ್ದ, ಎದ್ದು ತಾನು ಸತ್ತಿದ್ದೇನೆಂದು ತೋರಿಸಲು ಹೋಗಲಿಲ್ಲ. ಬದರಿನಾಥ ಬೆರಳು ಸಡಿಲಬಿಟ್ಟ. ಕೂತ.

ಠೋ ಎನ್ನುವುದು ಮೊದಲು ನಿಂತಿತು, ಆಮೇಲೆ ನಗು ನಿಂತಿತು. ಯಾಕೆ ನಿಂತಿತೆಂದು ಕಣ್ಣು ಮುಚ್ಚಿದವನಿಗೆ ತಿಳಿಯಲಿಲ್ಲ. ಹುಲ್ಲಿನ ಮೇಲೆ ಚಪ್ಪಲಿಯ ಸದ್ದು, ಗಾಜಿನ ಬಳೆ, ಮುಖದ ಮೇಲಿದ್ದ ಬಿಸಿಲು ಹೋಗಿ ನೆರಳು. ಯಾರೋ ಕಷ್ಟಪಟ್ಟು, ಮೂಟೆಗೆ ಕೈಯೂರಿ, ಅವನ ಎದುರು ನೆಲದ ಮೇಲೆ ಕೂತರು. ಉಸಿರು ಕೇಳಿಸುತ್ತಿತ್ತು. ತುಂಬಾ ಹೊತ್ತು ಏನೂ ಆಗಲಿಲ್ಲ. ಯಾರಾದರೂ ಇಷ್ಟು ಹೊತ್ತು ತನ್ನನ್ನು ನೋಡಿದ್ದುಂಟೇ ಎಂದು ಅವನಿಗೆ ನೆನಪಿಲ್ಲ. ಆಮೇಲೆ ಹೊಟ್ಟೆಯ ಮೇಲೆ ಮೆತ್ತಗೆ ಏನೋ ಬಂದು ಬಿತ್ತು, ಅವರಿಗೆ ಹೊದಿಸಿದ ಶಾಲು. ಪರ್ಸಿನ ಬಟನ್ನು ಟಕ್ ಎಂದಿತು. ಹಣೆಯ ಮೇಲೆ ಮೂರು ಬೆರಳು, ಒಣ ವಿಭೂತಿ, ಎಡದಿಂದ ಬಲಕ್ಕೆ, ಅವಸರವಿಲ್ಲದೆ.

"ನೀರು ಚೆಲ್ಲಿಲ್ಲ ತಾನೇ?" ಎಂದರು ಕಮಲಾದೇವಿ. ಬಹಳ ಮೆಲ್ಲಗೆ, ಮನೆಯೊಳಗೆ ಕೇಳುವ ಹಾಗೆ.

ಬ್ಯೂಗಲ್ ಮುಗಿಯುವವರೆಗೆ ಸತ್ತವನು ಅಲ್ಲಾಡಬಾರದು. ಬ್ಯೂಗಲ್ ಇನ್ನೂ ಶುರುವೇ ಆಗಿಲ್ಲ. ನಾಯಿ ನೆಕ್ಕಿದಾಗಲೂ ಮುರಿಯದ ನಿಯಮ ಅದು. ಬದರಿನಾಥ ಬಾಯಿ ತೆರೆದ.

"ಇಲ್ಲಮ್ಮ. ಒಂದು ಹನಿನೂ ಚೆಲ್ಲಿಲ್ಲ."

"ಹಂಗಾದ್ರೆ ಏಳಿ. ಅವ್ರಿಗೆ ಕೊಟ್ಬಿಟ್ ಬನ್ನಿ. ಪಾಪ, ಆವಾಗಿಂದ ಬಾಯಲ್ಲೇ ಗುಂಡು ಹಾರಿಸ್ತಿದಾರೆ."

ಕಣ್ಣು ಬಿಟ್ಟ. ಅಷ್ಟು ಹತ್ತಿರದಲ್ಲಿ ಆ ಮುಖ ಒದ್ದೆಯಾಗಿತ್ತು, ತುಟಿ ನಗುತ್ತಿತ್ತು. ಏಳಲು ಹೋದರೆ ಎಡಗಾಲು ಜೋಮು ಹಿಡಿದು ಬಿಟ್ಟಿತ್ತು. ಮೇಲಿನಿಂದ ಒಂದು ಕೈ ಬಂತು, ಛತ್ರಿ ಇಲ್ಲದ ಕೈ. ಶಾಂತವೀರಪ್ಪ ಎಳೆದರು, ಅವನು ಎದ್ದ. ಸ್ವಲ್ಪ ಹೊತ್ತು ಅವನ ಅಂಗೈ ಬಿಡಲಿಲ್ಲ. ಆಮೇಲೆ ಅಮ್ಮನನ್ನು ಎಬ್ಬಿಸಲು ಇಬ್ಬರೂ ಸೇರಿ ಕೈ ಕೊಡಬೇಕಾಯಿತು. "ಹುಷಾರಪ್ಪ, ನಾನೂ ಇಲ್ಲೇ ಕೂತ್ಬಿಟ್ಟೇನು" ಎಂದು ಅವರೇ ತಮಾಷೆ ಮಾಡಿದರು.

ಬದರಿನಾಥ ಕ್ಯಾನು ಎತ್ತಿಕೊಂಡು ಹೊರಟ. ಒಂದು ಕಾಲಿಗೆ ಜೋಮು, ಹೊಟ್ಟೆಗೆ ಶಾಲು, ಹಣೆಗೆ ವಿಭೂತಿ. ಹೆಜ್ಜೆ ಯಾವುದಕ್ಕೂ ಹೊಂದುತ್ತಿರಲಿಲ್ಲ. ಕುರ್ಚಿಗಳಲ್ಲಿ ಯಾರೂ ನಗಲಿಲ್ಲ, ಚಪ್ಪಾಳೆಯನ್ನೂ ತಟ್ಟಲಿಲ್ಲ. ಒಬ್ಬೊಬ್ಬರಾಗಿ ಎದ್ದು ನಿಲ್ಲುತ್ತಿದ್ದರು. ಮಯೂರ್ ಮಲಗಿದಲ್ಲಿಂದಲೇ ಬೊಗಸೆ ಒಡ್ಡಿದ, ಇವನು ಸುರಿದ. ಗಟಗಟ ಕುಡಿದ. ನೀರು ಮೊಣಕೈಯಿಂದ ಇಳಿದು ಹುಲ್ಲಿಗೆ ಹೋಯಿತು. ಎರಡನೆಯವನಿಗೆ, ಮೂರನೆಯವನಿಗೆ. ಆಗ, ಎಲ್ಲ ಮುಗಿದು ಎಷ್ಟೋ ಹೊತ್ತಿನ ಮೇಲೆ, ಮರದ ಹಿಂದಿನಿಂದ ತಲೆ ಹೊರಹಾಕಿ ನೋಡಿದ ಶಿವಕಿರಣನಿಗೆ ಏನನ್ನಿಸಿತೋ, ಬ್ಯೂಗಲ್ ಹಾಕಿದ. ನೀರು ಕುಡಿಯುತ್ತಿದ್ದವರು ಹಾಗೇ ಎದ್ದು ನಿಂತರು, ಬಾಯಿ ಒರೆಸಿಕೊಳ್ಳದೆ ಸೆಲ್ಯೂಟು ಹೊಡೆದರು. ಕಮಲಾದೇವಿ ಶಾಲಿಲ್ಲದೆ ನಿಂತು, ಇದನ್ನೆಲ್ಲ ತಾವೇ ನಡೆಸುತ್ತಿರುವವರ ಹಾಗೆ ನೋಡುತ್ತಿದ್ದರು.

ಸ್ಕೂಟರಿನ ಹತ್ತಿರ ಫೋನು ಹೊಡೆದುಕೊಂಡಿತು. ಖಾಲಿ ಕ್ಯಾನನ್ನು ಕಾಲಿನ ಹತ್ತಿರ ಇಟ್ಟು ಎತ್ತಿಕೊಂಡ.

"ಏನ್ರೀ, ಸತ್ತಾಯ್ತಾ?"

"ಸತ್ತಾಯ್ತು ಕಣೇ." ಹಣೆ ಮುಟ್ಟಿಕೊಂಡ, ಬೆರಳಿಗೆ ಬೂದಿ ಬಂತು. "ಎದ್ದೂ ಆಯ್ತು. ಕೊತ್ತಂಬರಿ ಒಂದು ಕಟ್ಟು ಸಾಕಾ, ಎರಡು ತರ್ಲಾ?"